ಅರಸನನ್ನು ಶಾಸನಕ್ಕೆ ಒಳಪಡಿಸಿದ ಆಚಾರ್ಯ ಸ್ಟೀಫನ್ ಲ್ಯಾಂಗ್ಟನ್

ಪ್ರಪಂಚದ ರಾಜ್ಯಶಾಸನಗಳ ಇತಿಹಾಸದಲ್ಲಿ ಕ್ರಿ. ಶ. 1215ರ ಮಹಾಸನ್ನದಿಗೆ ದೊರೆತಿರುವಷ್ಟು ಪ್ರಸಿದ್ಧಿಯು ಮತ್ತಾವ ಪತ್ರಕ್ಕೂ ದೊರೆತಿಲ್ಲವೆಂದರೆ ಅತ್ಯುಕ್ತಿಯಾಗಲಾರದು. ಲ್ಯಾಟಿನ್ ಭಾಷೆಯಲ್ಲಿ 'ಮ್ಯಾಗ್ನ ಕಾರ್ಟ' ಎಂದು ಹೆಸರಾದ ಈ ಸನ್ನದನ್ನು ಕುರಿತು ನಮ್ಮ ಪ್ರೌಢಶಾಲೆಗಳ ಮಕ್ಕಳೂ ಒಂದೆರಡು ವಾಕ್ಯಗಳನ್ನು ಓದಿರುತ್ತಾರೆ. ಇಂಗ್ಲೆಂಡಿನ ದೊರೆ ಜಾನನು ಥೇಮ್ಸ್ ನದಿಯ ದಡದಲ್ಲಿರುವ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ತನ್ನ ಸಾಮಂತರ ಒತ್ತಾಯಕ್ಕೆ ಮಣಿದು ಅದಕ್ಕೆ ರಾಜಮುದ್ರೆಯನ್ನು ಹಾಕಿಸಿದನೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಸನ್ನದು ಹುಟ್ಟಿದ ಹತ್ತೇ ವಾರಗಳಲ್ಲಿ ರದ್ದಾಗಿ ಹೋಯಿತೆಂಬುದೂ, ಮುಂದೆ ಅದು ಮತ್ತೆ ತಲೆಯೆತ್ತಿ ಸ್ಥಿರವಾಗಿ ನಿಲ್ಲುವಂತೆ ಶ್ರಮಿಸಿದವರಲ್ಲಿ ಅಗ್ರಗಣ್ಯನಾದವನು ತನ್ನ ಬಾಳಿನ ಬಹುಭಾಗವನ್ನು ಪಾಠಪ್ರವಚನಗಳಲ್ಲಿ ಕಳೆದ ಒಬ್ಬ ಉಪಾಧ್ಯಾಯನೆಂಬುದೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕತ್ತಿಯ ಮೊನೆಯಿಂದ ಪಡೆದುದು ಏಕೆ ನಿಲ್ಲಲಿಲ್ಲ, ವಿಚಾರದಿಂದ ಒಪ್ಪಿಸಿದುದು ಹೇಗೆ ನಿಂತಿತು ಎಂಬ ಪ್ರಶ್ನೆಗೆ ಉತ್ತರವು ಆ ಮಹನೀಯನಾದ ಸ್ಟೀಫನ್ ಲ್ಯಾಂಗ್ಟನ್ನನ ಚರಿತ್ರೆಯಲ್ಲಿ ಅಡಗಿದೆ. ಆದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಲ್ಯಾಂಗ್ಟನ್ನನು ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ ಕ್ರಿ. ಶ. 1150ರ ಸುಮಾರಿಗೆ ಜನಿಸಿದನು. ಆತನ ಮನೆತನವು ಅಷ್ಟಿಷ್ಟು ಭೂಮಿಯುಳ್ಳ ಸಾಧಾರಣ ಮನೆತನವೇ ಹೊರತು ದೊಡ್ಡ ಸಾಮಂತರ ಕುಲವಲ್ಲ. ವಿದ್ಯೆಯನ್ನು ಅರಸಿಕೊಂಡು ಆತನು ಕಡಲನ್ನು ದಾಟಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರಕ್ಕೆ ಹೋದನು. ಯೂರೋಪಿನ ನಾನಾ ದೇಶಗಳ ವಿದ್ಯಾರ್ಥಿಗಳು ಆ ಕಾಲದಲ್ಲಿ ಅಲ್ಲಿಗೆ ಬಂದು ನೆರೆಯುತ್ತಿದ್ದರು. ವಿದ್ಯಾರ್ಥಿಯಾಗಿ ಹೋದ ಲ್ಯಾಂಗ್ಟನ್ನನು ಅಲ್ಲಿಯೇ ಆಚಾರ್ಯನಾಗಿ ನೆಲೆನಿಂತು, ಸುಮಾರು ಎರಡು ದಶಕಗಳಿಗೂ ಮಿಕ್ಕು ಕ್ರೈಸ್ತ ಧರ್ಮಶಾಸ್ತ್ರವನ್ನು ಬೋಧಿಸಿದನು. ಬೈಬಲಿನ ಬಹುತೇಕ ಗ್ರಂಥಗಳ ಮೇಲೆ ವ್ಯಾಖ್ಯಾನಗಳನ್ನು ರಚಿಸಿದನು. ಆ ಮಹಾಗ್ರಂಥವನ್ನು ಇಂದು ನಾವು ಕಾಣುವ ಅಧ್ಯಾಯಗಳ ಕ್ರಮಕ್ಕೆ ಅಳವಡಿಸಿದ ಕೀರ್ತಿಯನ್ನೂ ವಿದ್ವಾಂಸರು ಪರಂಪರೆಯಿಂದ ಆತನಿಗೇ ಸಲ್ಲಿಸುತ್ತ ಬಂದಿದ್ದಾರೆ. ಗುರುವೂ ಶಿಷ್ಯರೂ ಬೇರೆ ಬೇರೆ ಪ್ರತಿಗಳನ್ನು ಹಿಡಿದು ಕುಳಿತಾಗ ಒಂದು ಮಾತನ್ನು ಎಲ್ಲರೂ ಒಡನೆಯೇ ಗುರುತಿಸುವಂತಾಗಬೇಕೆಂಬ ಪಾಠಶಾಲೆಯ ಅಗತ್ಯಕ್ಕೆ ಈ ವಿಭಾಗಕ್ರಮವು ಬಹಳ ಒದಗಿಬಂದಿತು.

ಆತನ ಪಾಠಗಳಲ್ಲಿ ರಾಜಧರ್ಮದ ವಿಚಾರವು ಮತ್ತೆ ಮತ್ತೆ ಬರುತ್ತಿತ್ತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಸಿಂಹಾಸನವನ್ನೇರಿದ ಅರಸನು ಧರ್ಮನಿಯಮಗಳ ಒಂದು ಪ್ರತಿಯನ್ನು ಬರೆದಿಟ್ಟುಕೊಂಡು ದಿನವೂ ಓದಬೇಕೆಂದೂ, ಬೆಳ್ಳಿಬಂಗಾರಗಳನ್ನು ಮಿತಿಮೀರಿ ಕೂಡಿಹಾಕಬಾರದೆಂದೂ ವಿಧಿಸಿದ ಭಾಗವೊಂದುಂಟು. ಅದನ್ನು ವಿವರಿಸುವಾಗ ಲ್ಯಾಂಗ್ಟನ್ನನು ತನ್ನ ಕಾಲದ ಅರಸರು ಅಗತ್ಯಕ್ಕಾಗಿ ಅಲ್ಲದೆ ಆಸೆಗಾಗಿ ಬೊಕ್ಕಸವನ್ನು ತುಂಬಿಕೊಳ್ಳುತ್ತಾರೆಂದು ಖಂಡಿಸಿದನು. ಇನ್ನೊಂದು ಜಿಜ್ಞಾಸೆಯು ಅದಕ್ಕಿಂತಲೂ ಗಹನವಾದುದು. ಅರಸನು ಒಬ್ಬನನ್ನು ಶಿಕ್ಷಿಸಲು ಹೊರಟಾಗ ಪ್ರಜೆಗಳು ಆತನ ಆಜ್ಞೆಯನ್ನು ಪಾಲಿಸಬೇಕೇ ಎಂಬ ಪ್ರಶ್ನೆ ಎದ್ದಿತು. ನ್ಯಾಯಸ್ಥಾನದ ತೀರ್ಪು ಮೊದಲು ಆಗಿದ್ದರೆ ಪಾಲಿಸಬೇಕು, ತೀರ್ಪಿಲ್ಲದೆ ಕೇವಲ ತನ್ನ ಇಚ್ಛೆಯಿಂದ ಆಜ್ಞಾಪಿಸಿದರೆ ಪಾಲಿಸಬೇಕಾದುದಿಲ್ಲ ಎಂಬುದು ಆತನ ನಿರ್ಣಯವಾಗಿತ್ತು. ತರಗತಿಯಲ್ಲಿ ಹೇಳಿದ ಈ ಮಾತನ್ನು ರಣಾಂಗಣದ ಅಂಚಿನಲ್ಲಿ ನಿಂತು ಸಾಧಿಸಬೇಕಾದ ದಿನವು ಬಂದೀತೆಂದು ಆಗ ಆತನು ಕನಸಿನಲ್ಲಿಯೂ ಎಣಿಸಿರಲಾರನು.

1205ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹ್ಯೂಬರ್ಟ್ ವಾಲ್ಟರನು ಕಾಲವಾದನು. ಇಂಗ್ಲೆಂಡಿನ ಕ್ರೈಸ್ತಸಂಘಕ್ಕೆ ಆ ಪೀಠವೇ ಶಿರಸ್ಸು. ಕ್ಯಾಂಟರ್‌ಬರಿ ಮಠದ ಸಂನ್ಯಾಸಿಗಳಲ್ಲಿ ಕೆಲವರು ಗುಟ್ಟಾಗಿ ತಮ್ಮವನೇ ಆದ ರೆಜಿನಾಲ್ಡನನ್ನು ಚುನಾಯಿಸಿದರು. ದೊರೆಯು ತನಗೆ ಆಪ್ತನಾದ ನಾರ್ವಿಚ್ಚಿನ ಬಿಷಪ್ಪನನ್ನು ಆ ಸ್ಥಾನಕ್ಕೆ ಏರಿಸಲು ಹವಣಿಸಿದನು. ವ್ಯಾಜ್ಯವು ರೋಮಿಗೆ ಹೋಯಿತು. ಅಲ್ಲಿ ಪೋಪ್ ಮೂರನೆಯ ಇನ್ನೊಸೆಂಟನು ಎರಡು ಆಯ್ಕೆಗಳನ್ನೂ ತಳ್ಳಿಹಾಕಿದನು. ಅಲ್ಲಿಗೆ ಬಂದಿದ್ದ ಮಠದವರು ಪೋಪನ ಸೂಚನೆಯಂತೆ 1206ರ ಕೊನೆಯಲ್ಲಿ ಲ್ಯಾಂಗ್ಟನ್ನನನ್ನು ಚುನಾಯಿಸಿದರು. ಅದೇ ವರ್ಷ ಪೋಪನು ಆತನಿಗೆ ಕಾರ್ಡಿನಲ್ ಪದವಿಯನ್ನು ಕೊಟ್ಟಿದ್ದನು. 1207ರ ಜೂನ್ 17ರಂದು ಇಟಲಿಯ ವಿಟೆರ್ಬೊ ಪಟ್ಟಣದಲ್ಲಿ ಪೋಪನೇ ಸ್ವತಃ ಆತನಿಗೆ ಪಟ್ಟಾಭಿಷೇಕ ಮಾಡಿದನು.

ಜಾನನು ಕೆರಳಿದನು. ಶತ್ರುರಾಜನ ರಾಜಧಾನಿಯಲ್ಲಿ ಬಾಳಿದ ಅಪರಿಚಿತನನ್ನು ತನ್ನ ರಾಜ್ಯದೊಳಗೆ ಕಾಲಿಡಗೊಡುವುದಿಲ್ಲವೆಂದು ಹಠ ಹಿಡಿದು, ಕ್ಯಾಂಟರ್‌ಬರಿಯ ಮಠದವರನ್ನೇ ದೇಶದಿಂದ ಹೊರಗಟ್ಟಿದನು. ಅದಕ್ಕೆ ಪ್ರತಿಯಾಗಿ ಪೋಪನು 1208ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಮೇಲೆ ಕರ್ಮನಿಷೇಧವನ್ನು ಹೇರಿದನು. ಚರ್ಚುಗಳ ಗಂಟೆಗಳು ಮೂಕವಾದವು. ಸಾರ್ವಜನಿಕ ಪೂಜೆಗಳು ನಿಂತುವು. ಸತ್ತವರನ್ನು ಪವಿತ್ರಭೂಮಿಯಲ್ಲಿ ಹೂಳುವಂತಿರಲಿಲ್ಲ. ಶಿಶುಗಳ ದೀಕ್ಷಾಸ್ನಾನ, ಸಾಯುವವರ ಪಾಪನಿವೇದನೆ ಇವು ಮಾತ್ರ ಉಳಿದುವು. ಆರು ವರ್ಷಗಳಿಗೂ ಮಿಕ್ಕು ಈ ಸ್ಥಿತಿಯು ನಡೆಯಿತು. 1209ರಲ್ಲಿ ದೊರೆಗೇ ಬಹಿಷ್ಕಾರವಾಯಿತು. ದೊರೆಯಾದರೋ ಚರ್ಚಿನ ಆಸ್ತಿಗಳ ಹುಟ್ಟುವಳಿಯನ್ನು ಬೊಕ್ಕಸಕ್ಕೆ ಸೇರಿಸಿಕೊಂಡು ನಿಶ್ಚಿಂತನಾಗಿದ್ದನು. ಅರಸನೂ ಗುರುಪೀಠವೂ ಕಾದಾಡಿದಾಗ ನೊಂದವರು ಬಡಜನರೇ. ಲ್ಯಾಂಗ್ಟನ್ನನು ಈ ಅವಧಿಯ ಬಹುಭಾಗವನ್ನು ಫ್ರಾನ್ಸಿನ ಪೊಂಟಿನೀ ಮಠದಲ್ಲಿ ದೇಶಭ್ರಷ್ಟನಾಗಿ ಕಳೆದನು. ಅವನ ಪೂರ್ವಾಧಿಕಾರಿಯಾದ ಥಾಮಸ್ ಬೆಕೆಟ್ಟನೂ ಹಿಂದೆ ದೊರೆಯೊಡನೆ ವಿರಸ ಬಂದಾಗ ಅದೇ ಮಠದಲ್ಲಿ ಆಶ್ರಯ ಪಡೆದಿದ್ದನೆಂಬುದು ಗಮನಾರ್ಹವಾಗಿದೆ.

ಕೊನೆಗೆ ಫ್ರಾನ್ಸಿನ ದಂಡಯಾತ್ರೆಯ ಭೀತಿಯೂ ಒಳಗಿನ ಪಿತೂರಿಗಳೂ ಜಾನನನ್ನು ಬಗ್ಗಿಸಿದುವು. 1213ರ ಮೇ ತಿಂಗಳಿನಲ್ಲಿ ಆತನು ಪೋಪನಿಗೆ ಶರಣಾಗಿ, ತನ್ನ ರಾಜ್ಯವನ್ನೇ ಪೋಪನ ಕೈಗೊಪ್ಪಿಸಿ, ವರ್ಷಕ್ಕೆ 1000 ಮಾರ್ಕ್ ಕಪ್ಪವನ್ನು ಸಲ್ಲಿಸುವ ಸಾಮಂತನಾದನು. ಜುಲೈ 20ರಂದು ವಿಂಚೆಸ್ಟರಿನಲ್ಲಿ ಲ್ಯಾಂಗ್ಟನ್ನನು ದೊರೆಯನ್ನು ಬಹಿಷ್ಕಾರದಿಂದ ಬಿಡುಗಡೆ ಮಾಡಿದನು. ಆಗ ಜಾನನು ಪೂರ್ವಿಕರ ಒಳ್ಳೆಯ ಕಟ್ಟಳೆಗಳನ್ನು ಪುನಃ ಸ್ಥಾಪಿಸುವುದಾಗಿಯೂ, ನ್ಯಾಯಸ್ಥಾನದ ತೀರ್ಪಿನಂತೆ ಎಲ್ಲರನ್ನೂ ನಡೆಸಿಕೊಳ್ಳುವುದಾಗಿಯೂ ಪ್ರಮಾಣಮಾಡಿದನೆಂದು ಸಮಕಾಲೀನ ವೃತ್ತಾಂತಕಾರನು ಬರೆದಿದ್ದಾನೆ. ಇದಾದ ಕೆಲವೇ ವಾರಗಳಲ್ಲಿ, ತನ್ನೊಡನೆ ಫ್ರಾನ್ಸಿಗೆ ದಂಡೆತ್ತಿ ಬರಲೊಪ್ಪದ ಉತ್ತರದ ಸಾಮಂತರ ಮೇಲೆ ದೊರೆಯು ಸೈನ್ಯಸಮೇತನಾಗಿ ಹೊರಟನು. ಲ್ಯಾಂಗ್ಟನ್ನನು ಆತನನ್ನು ನಾಟಿಂಗ್‌ಹ್ಯಾಮಿನವರೆಗೂ ಬೆನ್ನಟ್ಟಿ ಹೋಗಿ, ತೀರ್ಪಿಲ್ಲದೆ ಪ್ರಜೆಗಳ ಮೇಲೆ ಯುದ್ಧ ಹೂಡಿದರೆ ಅದು ಪ್ರಮಾಣಭಂಗವಾಗುವುದೆಂದು ಎಚ್ಚರಿಸಿದನು. ಅರಸನು ಗದ್ದರಿಸಿದರೂ ಆಚಾರ್ಯನು ಹಿಮ್ಮೆಟ್ಟಲಿಲ್ಲ. ದೊರೆಯೇ ಮಣಿಯಬೇಕಾಯಿತು. ಪ್ಯಾರಿಸಿನ ತರಗತಿಯ ಸಿದ್ಧಾಂತವು ಇಂಗ್ಲೆಂಡಿನ ರಾಜಮಾರ್ಗದಲ್ಲಿ ಮೊದಲ ಬಾರಿಗೆ ಗೆದ್ದಿತು.

ಜಾನನ ಮೇಲೆ ಸಾಮಂತರಿಗಿದ್ದ ಕೋಪಕ್ಕೆ ಕಾರಣಗಳು ಹಲವು. 1204ರಲ್ಲಿ ಆತನು ಪಿತ್ರಾರ್ಜಿತವಾದ ನಾರ್ಮಂಡಿ ಪ್ರಾಂತವನ್ನು ಫ್ರಾನ್ಸಿನ ದೊರೆಗೆ ಸೋತುಕೊಟ್ಟಿದ್ದನು. ಅದನ್ನು ಮರಳಿ ಗೆಲ್ಲುವ ಯುದ್ಧಗಳಿಗಾಗಿ ಹಣವನ್ನು ಎಲ್ಲ ದಾರಿಗಳಿಂದಲೂ ಹಿಂಡುತ್ತಿದ್ದನು. ಸೈನ್ಯಸೇವೆಗೆ ಬದಲಾಗಿ ತೆರಬೇಕಾದ 'ಸ್ಕ್ಯೂಟೇಜ್' ಎಂಬ ತೆರಿಗೆಯು ಹಿಂದೆಂದಿಗಿಂತ ಹೆಚ್ಚಾಗಿ ಮೇಲಿಂದ ಮೇಲೆ ಬೀಳುತ್ತಿತ್ತು. ತಂದೆಯ ಅಥವಾ ಅಣ್ಣನ ಉಂಬಳಿಗೆ ವಾರಸುದಾರನಾಗುವವನು ದೊರೆಗೆ ಕಾಣಿಕೆ ಒಪ್ಪಿಸುವುದು ಪದ್ಧತಿ. 100 ಪೌಂಡು ನ್ಯಾಯವಾದ ಮೊತ್ತವೆಂಬುದು ಸಾಮಂತರ ಭಾವನೆ. ಆದರೆ ನಿಕೊಲಸ್ ಡಿ ಸ್ಟಟ್‌ವಿಲ್ ಎಂಬಾತನ ಮೇಲೆ ಜಾನನು 10,000 ಮಾರ್ಕ್ ಹೇರಿದನು. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಇಂತಹ ಸಾಲವನ್ನು ತೀರಿಸಲಾರದವನು ಜೀವಮಾನವೆಲ್ಲ ಅರಸನ ಮುಷ್ಟಿಯಲ್ಲಿರಬೇಕಾಗುತ್ತಿತ್ತು. ವಿಧವೆಯರನ್ನು ಬಲವಂತವಾಗಿ ಮರುಮದುವೆಗೆ ದೂಡುವುದು, ಒಪ್ಪದಿದ್ದರೆ ದಂಡ ಕೀಳುವುದು, ವಿಚಾರಣೆಯಿಲ್ಲದೆ ಆಸ್ತಿಯನ್ನು ಕಸಿಯುವುದು ಇವೂ ನಡೆಯುತ್ತಿದ್ದುವು.

1213ರ ಆಗಸ್ಟಿನಲ್ಲಿ ಲಂಡನ್ನಿನ ಸಂತ ಪಾಲನ ಚರ್ಚಿನಲ್ಲಿ ಲ್ಯಾಂಗ್ಟನ್ನನು ಸಾಮಂತರನ್ನು ಕೂಡಿಸಿ, ನೂರು ವರ್ಷಗಳಿಗೂ ಹಿಂದೆ ಮೊದಲನೆಯ ಹೆನ್ರಿಯು ಪಟ್ಟಾಭಿಷೇಕಕಾಲದಲ್ಲಿ ಕೊಟ್ಟಿದ್ದ ಸನ್ನದನ್ನು ತೋರಿಸಿ ದಾರಿಗಾಣಿಸಿದನೆಂದು ವೆಂಡೋವರಿನ ರೋಜರನೆಂಬ ವೃತ್ತಾಂತಕಾರನು ಹೇಳುತ್ತಾನೆ. ಆದರೆ ಅವನೇ ಇದನ್ನು ಜನವಾರ್ತೆಯೆಂದು ಬರೆದಿರುವುದರಿಂದ ಇತಿಹಾಸಜ್ಞರು ಪೂರ್ತಿ ನಂಬುವುದಿಲ್ಲ. ಹೆನ್ರಿಯ ಆ ಹಳೆಯ ಸನ್ನದು ಸಾಮಂತರ ಬೇಡಿಕೆಗೆ ಆಧಾರವಾಯಿತೆಂಬುದು ಮಾತ್ರ ನಿಜ. ಅರಸನು ಬಯಸಿದಂತೆಲ್ಲ ನಡೆಯುವುದು ನಾಡಿನ ಸಂಪ್ರದಾಯವಲ್ಲ, ಬರಹದಲ್ಲಿ ಕಟ್ಟುಪಾಡಿಗೆ ಒಳಗಾಗುವುದೇ ಸಂಪ್ರದಾಯ ಎಂದು ತೋರಿಸಲು ಅದು ಸಾಕ್ಷಿಯಾಯಿತು.

1214ರ ಜುಲೈ 27ರಂದು ಬೂವೀನ್ ಎಂಬಲ್ಲಿ ಜಾನನ ಮಿತ್ರಪಕ್ಷದ ಸೇನೆಯು ಫ್ರೆಂಚರಿಗೆ ಸೋತಿತು. ವರ್ಷಗಳ ಕಾಲ ಹಿಂಡಿ ಕೂಡಿಸಿದ ಹಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕದಡಿದಂತಾಯಿತು. 1215ರ ಜನವರಿಯಲ್ಲಿ ಸಾಮಂತರು ಆಯುಧಪಾಣಿಗಳಾಗಿಯೇ ಲಂಡನ್ನಿಗೆ ಬಂದು ಬೇಡಿಕೆಗಳನ್ನು ಮುಂದಿಟ್ಟರು. ದೊರೆಯು ಕಾಲಾವಕಾಶ ಬೇಡಿದನು. ಲ್ಯಾಂಗ್ಟನ್ನನೂ ವೃದ್ಧ ಸೇನಾನಿ ವಿಲಿಯಂ ಮಾರ್ಷಲನೂ ನಡುವೆ ನಿಂತು ಸಂಧಾನ ನಡೆಸಿದರು. ಮೇ ತಿಂಗಳಿನಲ್ಲಿ ಸಾಮಂತರು ದೊರೆಯ ನಿಷ್ಠೆಯನ್ನು ತೊರೆದರು. 17ರಂದು ಲಂಡನ್ ನಗರವು ಅವರಿಗೆ ಬಾಗಿಲು ತೆರೆಯಿತು. ಜಾನನಿಗೆ ಒಪ್ಪದೆ ಗತಿಯಿರಲಿಲ್ಲ. ವಿಂಡ್ಸರಿನಲ್ಲಿ ದೊರೆ, ಸ್ಟೇನ್ಸಿನಲ್ಲಿ ಸಾಮಂತರು, ನಡುವಣ ರನ್ನಿಮೀಡಿನಲ್ಲಿ ಮಾತುಕತೆ. ಸಾಮಂತರ ಬೇಡಿಕೆಗಳ ಕರಡನ್ನು ಮೊದಲು ಒಪ್ಪಿಸಿ, ಅದನ್ನು ತಿದ್ದಿ ತೀಡಿ ಸನ್ನದಿನ ರೂಪಕ್ಕೆ ತರಲಾಯಿತು. ಅದರ ತಾರೀಖು 1215ರ ಜೂನ್ 15. ರಾಜಮುದ್ರೆಯಿದ್ದ ಆ ಕರಡು ಆರ್ಚ್‌ಬಿಷಪ್ಪರ ದಫ್ತರದಲ್ಲಿ ಬಹುಕಾಲ ಉಳಿದಿದ್ದುದು ಲ್ಯಾಂಗ್ಟನ್ನನು ವಹಿಸಿದ ಪಾತ್ರಕ್ಕೆ ಒಂದು ಕುರುಹಾಗಿದೆ.

ಒಂದೇ ಚರ್ಮಪತ್ರದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದೇ ಸಮನೆ ಬರೆದ ಈ ಸನ್ನದನ್ನು ಮುಂದಿನವರು 63 ಕಲಮುಗಳಾಗಿ ವಿಂಗಡಿಸಿದರು. ಮೊದಲನೆಯದು ಕ್ರೈಸ್ತಸಂಘದ ಸ್ವಾತಂತ್ರ್ಯಕ್ಕೆ ಸಂಬಂಧಿಸಿದುದು. ವಾರಸಿನ ಕಾಣಿಕೆಯನ್ನು 100 ಪೌಂಡಿಗೆ ಮಿತಗೊಳಿಸಿದುದು, ವಿಧವೆಯರನ್ನು ಬಲವಂತದ ಮದುವೆಯಿಂದ ಕಾಪಾಡಿದುದು, ರಾಜ್ಯದ ಸಮಾಲೋಚನೆಯಿಲ್ಲದೆ ಸ್ಕ್ಯೂಟೇಜ್ ಎತ್ತಬಾರದೆಂದುದು, ನಾಡಿಗೆಲ್ಲ ಒಂದೇ ಅಳತೆಯಿರಬೇಕೆಂದುದು ಮೊದಲಾದ ಕಲಮುಗಳು ಅದರಲ್ಲಿವೆ. ಎಲ್ಲಕ್ಕೂ ಶಿಖರಪ್ರಾಯವಾದುವು 39 ಮತ್ತು 40ನೆಯವು. ಸ್ವತಂತ್ರನಾದ ಯಾವ ಮನುಷ್ಯನನ್ನೂ ಅವನ ಸಮಾನರ ನ್ಯಾಯಸಮ್ಮತ ತೀರ್ಪಿನಿಂದಲೋ ನಾಡಿನ ಕಾನೂನಿನಿಂದಲೋ ಹೊರತು ಸೆರೆಹಿಡಿಯಲಾಗದು, ಆಸ್ತಿಯನ್ನು ಕಸಿಯಲಾಗದು, ಗಡಿಪಾರು ಮಾಡಲಾಗದು ಎಂಬುದು ಒಂದರ ತಾತ್ಪರ್ಯ. ನ್ಯಾಯವನ್ನು ಮಾರುವುದಾಗಲಿ, ನಿರಾಕರಿಸುವುದಾಗಲಿ, ತಡಮಾಡುವುದಾಗಲಿ ಸಲ್ಲದೆಂಬುದು ಇನ್ನೊಂದರದು. ಇವುಗಳ ಒಂದೊಂದು ಪದವನ್ನೂ ಲ್ಯಾಂಗ್ಟನ್ನನೇ ಬರೆದನೆಂದು ಸಾಧಿಸುವಂತಿಲ್ಲ. ಈ ವಿಷಯದಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಆದರೆ ಆತನ ಪಾಠಗಳಿಗೂ ಈ ಕಲಮುಗಳಿಗೂ ಇರುವ ಹೋಲಿಕೆ ಯಾರ ಕಣ್ಣಿಗಾದರೂ ಬೀಳದಿರದು.

ಇಲ್ಲಿ ಒಂದು ಕೊರತೆಯನ್ನು ಮರೆಮಾಚಬಾರದು. ಸ್ವತಂತ್ರನಾದ ಮನುಷ್ಯ ಎಂಬ ಮಾತಿನೊಳಗೆ ಆ ಕಾಲದ ಇಂಗ್ಲೆಂಡಿನ ರೈತಾಪಿ ಜನರಲ್ಲಿ ಬಹುದೊಡ್ಡ ಭಾಗವು ಸೇರಿರಲಿಲ್ಲ. ಅವರು ಒಡೆಯನ ಜಮೀನಿಗೆ ಕಟ್ಟುಬಿದ್ದ ಜೀತದಾಳುಗಳಂತಿದ್ದರು. ಆದರೂ 60ನೆಯ ಕಲಮಿನಲ್ಲಿ, ದೊರೆಯು ತಮಗೆ ಕೊಟ್ಟ ರಿಯಾಯಿತಿಗಳನ್ನು ಸಾಮಂತರೂ ತಮ್ಮ ತಮ್ಮ ಕೈಕೆಳಗಿನವರಿಗೆ ಕೊಡತಕ್ಕದ್ದೆಂದು ವಿಧಿಸಲಾಗಿತ್ತು. ಕೇಳಿ ಪಡೆದವನು ಕೊಡಲೂಬೇಕೆಂಬ ಈ ನಿಯಮದಿಂದ ಅದು ಕೆಲವು ಪ್ರಭುಗಳ ಸ್ವಾರ್ಥಪತ್ರವಾಗಿ ಉಳಿಯದೆ, ನಾಡಿನ ಕಾನೂನಾಗುವ ಯೋಗ್ಯತೆಯನ್ನು ಪಡೆಯಿತು.

ಸನ್ನದಿನ ನಾಶಕ್ಕೆ ಬೀಜವೂ ಅದರಲ್ಲಿಯೇ ಇದ್ದಿತು. 61ನೆಯ ಕಲಮಿನಂತೆ, ದೊರೆಯು ಮಾತು ತಪ್ಪಿದರೆ 25 ಮಂದಿ ಸಾಮಂತರು ಅವನ ಕೋಟೆಕೊತ್ತಲಗಳನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಇದು ಶಾಂತಿಯ ಹೆಸರಿನಲ್ಲಿ ಯುದ್ಧಕ್ಕೆ ಕೊಟ್ಟ ಪರವಾನಗಿಯಾಯಿತು. ಜಾನನು ಪೋಪನಲ್ಲಿ ಮೊರೆಯಿಟ್ಟನು. ಇನ್ನೊಸೆಂಟನು 1215ರ ಆಗಸ್ಟ್ 24ರಂದು, ಬಲಾತ್ಕಾರದಿಂದ ಪಡೆದ ಈ ಸನ್ನದು ಸಿಂಧುವಲ್ಲವೆಂದು ಸಾರಿ ರದ್ದುಮಾಡಿದನು. ದಂಗೆಕೋರರನ್ನು ಬಹಿಷ್ಕರಿಸಬೇಕೆಂಬ ಅವನ ಅಪ್ಪಣೆಯೂ ಬಂದಿತು.

ಲ್ಯಾಂಗ್ಟನ್ನನ ಬಾಳಿನಲ್ಲಿ ಇದೇ ಅಗ್ನಿಪರೀಕ್ಷೆ. ಆತನನ್ನು ಪೀಠಕ್ಕೆ ತಂದವನು ಇನ್ನೊಸೆಂಟನೇ. ಆತನಿಗಾಗಿ ಒಂದು ದೇಶದ ದೇವಾಲಯಗಳನ್ನೇ ಆರು ವರ್ಷ ಮೂಕವಾಗಿಸಿದವನೂ ಅವನೇ. ಅಂತಹ ಗುರುವಿನ ಆಜ್ಞೆಯನ್ನು ಪಾಲಿಸಿದರೆ, ವಿಚಾರಣೆಯಿಲ್ಲದೆ ಯಾರನ್ನೂ ದಂಡಿಸಬಾರದೆಂಬ ತನ್ನ ಬೋಧನೆಗೆ ತಾನೇ ದ್ರೋಹ ಬಗೆದಂತಾಗುತ್ತಿತ್ತು. ಪಾಲಿಸದಿದ್ದರೆ ಪದವಿಯೂ ಮಾನವೂ ಹೋಗುತ್ತಿದ್ದುವು. ಆತನು ಬಹಿಷ್ಕಾರವನ್ನು ಘೋಷಿಸಲಿಲ್ಲ. ರೊಚೆಸ್ಟರಿನ ಕೋಟೆಯನ್ನು ದೊರೆಯ ವಶಕ್ಕೆ ಒಪ್ಪಿಸಲೂ ನಿರಾಕರಿಸಿದನು. ದೊರೆಯು ಆತನನ್ನು ದ್ರೋಹಿಯೆಂದನು. ಪೋಪನ ಪ್ರತಿನಿಧಿಗಳು ಸೆಪ್ಟೆಂಬರಿನಲ್ಲಿ ಆತನನ್ನು ಅಧಿಕಾರದಿಂದ ಅಮಾನತು ಮಾಡಿದರು. ರೋಮಿಗೆ ಹೋಗಿ ಅರಿಕೆ ಮಾಡಿಕೊಂಡರೂ ಫಲವಾಗಲಿಲ್ಲ. ಪೋಪನು ಅಮಾನತನ್ನು ಸ್ಥಿರಪಡಿಸಿದನು. ಮರುವರ್ಷ ಅದು ತೆರವಾದರೂ ಸ್ವದೇಶಕ್ಕೆ ಮರಳಲು ಆತನು 1218ರವರೆಗೂ ಕಾಯಬೇಕಾಯಿತು.

ಈ ನಡುವೆ ಇಂಗ್ಲೆಂಡು ಅಂತರ್ಯುದ್ಧದ ಬೆಂಕಿಯಲ್ಲಿ ಬೆಂದಿತು. ಸಾಮಂತರು ಫ್ರಾನ್ಸಿನ ಯುವರಾಜ ಲೂಯಿಯನ್ನೇ ಕರೆತಂದರು. 1216ರ ಅಕ್ಟೋಬರಿನಲ್ಲಿ ಜಾನನು ನ್ಯೂಆರ್ಕಿನ ಕೋಟೆಯಲ್ಲಿ ಮಡಿದನು (ಇದು ಇಂಗ್ಲೆಂಡಿನ ಟ್ರೆಂಟ್ ನದಿಯ ದಡದಲ್ಲಿರುವ ನ್ಯೂಆರ್ಕ್ ಎಂಬ ಊರು, ಅಮೆರಿಕದ ನಗರವಲ್ಲ). ಆತನ ಮಗ ಮೂರನೆಯ ಹೆನ್ರಿಗೆ ಆಗ ಒಂಬತ್ತೇ ವರ್ಷ. ರಾಜ್ಯಭಾರವನ್ನು ವಹಿಸಿಕೊಂಡ ವಿಲಿಯಂ ಮಾರ್ಷಲನು ಶತ್ರುಗಳನ್ನು ಒಲಿಸಿಕೊಳ್ಳುವ ಸಲುವಾಗಿ ನವೆಂಬರ್ 12ರಂದು ಅದೇ ಸನ್ನದನ್ನು ಬಾಲದೊರೆಯ ಹೆಸರಿನಲ್ಲಿ ಪ್ರಕಟಿಸಿದನು. 25 ಮಂದಿಯ ಕಲಮೂ, ಸ್ಕ್ಯೂಟೇಜಿಗೆ ಸಮಾಲೋಚನೆ ಬೇಕೆಂಬ ಕಲಮೂ ಅದರಿಂದ ಬಿಟ್ಟುಹೋದುವು. ಪೋಪನ ಪ್ರತಿನಿಧಿಯೇ ಈ ಸಲ ಅದಕ್ಕೆ ಮುದ್ರೆ ಹಾಕಿದನು. 1217ರಲ್ಲಿ ಅದು ಮತ್ತೆ ಹೊರಬಂದಿತು. ಜೊತೆಯಲ್ಲಿ ಅರಣ್ಯಗಳ ಕಟ್ಟಳೆಗೆ ಸಂಬಂಧಿಸಿದ ಚಿಕ್ಕ ಸನ್ನದೊಂದು ಬಂದುದರಿಂದ, ದೊಡ್ಡದಕ್ಕೆ ಮಹಾಸನ್ನದೆಂಬ ಹೆಸರು ಬಂದಿತು.

ಮರಳಿ ಬಂದ ಲ್ಯಾಂಗ್ಟನ್ನನು 1220ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೆನ್ರಿಗೆ ವಿಧಿವತ್ತಾಗಿ ಮತ್ತೊಮ್ಮೆ ಕಿರೀಟವನ್ನು ತೊಡಿಸಿದನು. ಅದೇ ವರ್ಷದ ಜುಲೈಯಲ್ಲಿ ಥಾಮಸ್ ಬೆಕೆಟ್ಟನ ಅಸ್ಥಿಗಳನ್ನು ಹೊಸ ಸಮಾಧಿಮಂದಿರಕ್ಕೆ ಸಾಗಿಸುವ ಮಹೋತ್ಸವವನ್ನು ನಡೆಸಿದನು. 1222ರಲ್ಲಿ ಆಕ್ಸ್‌ಫರ್ಡಿನಲ್ಲಿ ಧರ್ಮಸಭೆಯನ್ನು ಕೂಡಿಸಿ ಸಂಘಕ್ಕೆ ನಿಯಮಗಳನ್ನು ರಚಿಸಿದನು. ಯಹೂದ್ಯರು ಬಟ್ಟೆಯ ಮೇಲೆ ಗುರುತನ್ನು ಧರಿಸಬೇಕೆಂಬ ನಿಯಮವೂ ಅವುಗಳಲ್ಲೊಂದು. ಅರಸನ ಅನ್ಯಾಯವನ್ನು ಅಷ್ಟು ಸ್ಪಷ್ಟವಾಗಿ ಕಂಡವನ ಕಣ್ಣಿಗೆ ಪರಮತದವರಿಗಾಗುವ ಅನ್ಯಾಯವು ಕಾಣಲಿಲ್ಲ. ದೊಡ್ಡವರ ದೋಷವನ್ನೂ ಹೇಳುವುದು ಚರಿತ್ರೆಯ ಧರ್ಮ.

1223ರಲ್ಲಿ ಲ್ಯಾಂಗ್ಟನ್ನನು ಸಾಮಂತರೊಡನೆ ಹೋಗಿ, ಸನ್ನದನ್ನು ದೃಢಪಡಿಸಬೇಕೆಂದು ತರುಣ ದೊರೆಯನ್ನು ಕೇಳಿದನು. ಬಲಾತ್ಕಾರದಿಂದ ಕಿತ್ತುಕೊಂಡುದಕ್ಕೆ ಬೆಲೆಯಿಲ್ಲವೆಂದು ಮಂತ್ರಿ ವಿಲಿಯಂ ಬ್ರೂವರನು ಆಕ್ಷೇಪಿಸಿದನು. ದೊರೆಯ ಮೇಲೆ ಪ್ರೀತಿಯಿದ್ದವನು ನಾಡಿನ ಶಾಂತಿಯನ್ನು ಕೆಡಿಸಬಾರದೆಂದು ಲ್ಯಾಂಗ್ಟನ್ನನು ಗದರಿಸಿದನು. ದೊರೆಯು ತಾನು ಮಾಡಿದ ಪ್ರಮಾಣಕ್ಕೆ ಬದ್ಧನೆಂದು ಒಪ್ಪಿಕೊಂಡನು. ಆದರೂ ಬ್ರೂವರನ ಆಕ್ಷೇಪಣೆಯಲ್ಲಿ ಹುರುಳಿತ್ತು. ಪೋಪನು ಸನ್ನದನ್ನು ರದ್ದುಮಾಡಲು ಕೊಟ್ಟಿದ್ದ ಕಾರಣವೂ ಅದೇ. ಆ ಕಳಂಕವನ್ನು ತೊಡೆಯುವ ಅವಕಾಶವು ಎರಡು ವರ್ಷಗಳಲ್ಲಿ ಒದಗಿತು. ಫ್ರಾನ್ಸಿನೊಡನೆ ಯುದ್ಧಕ್ಕಾಗಿ ಹೆನ್ರಿಗೆ ಹಣ ಬೇಕಾಯಿತು. ಚರಾಸ್ತಿಯ ಹದಿನೈದರಲ್ಲಿ ಒಂದು ಪಾಲನ್ನು ತೆರಿಗೆಯಾಗಿ ಕೊಡಲು ರಾಜ್ಯವು ಒಪ್ಪಿತು. ಅದರ ಪ್ರತಿಫಲವಾಗಿ 1225ರ ಫೆಬ್ರವರಿ 11ರಂದು ದೊರೆಯು ಮಹಾಸನ್ನದನ್ನು ತನ್ನ ಸ್ವಂತ ಇಚ್ಛೆಯಿಂದಲೇ ಕೊಟ್ಟುದಾಗಿ ಬರೆಯಿಸಿ ಪ್ರಕಟಿಸಿದನು. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಲ್ಯಾಂಗ್ಟನ್ನನದು. ಸನ್ನದನ್ನು ಮುರಿಯುವವರಿಗೆ ಬಹಿಷ್ಕಾರವನ್ನು ಆತನೂ ಇತರ ಬಿಷಪ್ಪರೂ ಸಾರಿದರು. ಹತ್ತು ವರ್ಷಗಳ ಹಿಂದೆ ಸನ್ನದನ್ನು ಬೇಡಿದವರ ಮೇಲೆ ಪ್ರಯೋಗಿಸಲು ಆತನು ಒಪ್ಪದಿದ್ದ ಅಸ್ತ್ರವೇ ಈಗ ಸನ್ನದಿಗೆ ಕಾವಲಾಯಿತು.

1228ರ ಜುಲೈ 9ರಂದು ಸಸೆಕ್ಸ್ ಪ್ರಾಂತದ ಸ್ಲಿಂಡನ್ನಿನಲ್ಲಿ ಲ್ಯಾಂಗ್ಟನ್ನನು ದೇಹವನ್ನು ತ್ಯಜಿಸಿದನು. ಕ್ಯಾಂಟರ್‌ಬರಿಯ ಮಹಾಮಂದಿರದಲ್ಲಿ ಆತನ ಸಮಾಧಿಯಿದೆ.

ಆತನು ಹೋದರೂ ಸನ್ನದು ಬೆಳೆಯುತ್ತ ಬಂದಿತು. 1297ರಲ್ಲಿ ಮೊದಲನೆಯ ಎಡ್ವರ್ಡನು 1225ರ ಪಾಠವನ್ನೇ ದೃಢಪಡಿಸಿ ರಾಜ್ಯದ ಕಾನೂನುಗಳ ಸುರುಳಿಯಲ್ಲಿ ಸೇರಿಸಿದನು. 1354ರ ಶಾಸನವೊಂದು, ಸ್ವತಂತ್ರನಿಗೆ ಮಾತ್ರ ಇದ್ದ ರಕ್ಷಣೆಯನ್ನು ಯಾವ ಅಂತಸ್ತಿನ ಮನುಷ್ಯನಿಗೇ ಆಗಲಿ ವಿಸ್ತರಿಸಿತು. 1628ರಲ್ಲಿ ಪಾರ್ಲಿಮೆಂಟು ಮೊದಲನೆಯ ಚಾರ್ಲ್ಸನಿಗೆ ಸಲ್ಲಿಸಿದ ಹಕ್ಕುಗಳ ಅರ್ಜಿಯು ಇದನ್ನೇ ಆಧಾರವಾಗಿ ಹಿಡಿಯಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 21ನೆಯ ಅನುಚ್ಛೇದವು, ಕಾನೂನು ವಿಧಿಸಿದ ಕ್ರಮದಿಂದಲ್ಲದೆ ಯಾವ ವ್ಯಕ್ತಿಯ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಹರಣಮಾಡಲಾಗದೆಂದು ಸಾರುತ್ತದೆ. ಆ ಕ್ರಮವು ನ್ಯಾಯವಾದುದಾಗಿರಬೇಕೆಂದು 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಇದೂ ಆ ಹಳೆಯ ವಿಚಾರದ ವಂಶಕ್ಕೇ ಸೇರಿದುದು.

ಲ್ಯಾಂಗ್ಟನ್ನನು ಸೈನ್ಯವನ್ನು ನಡೆಸಿದವನಲ್ಲ, ರಾಜ್ಯವನ್ನು ಗೆದ್ದವನಲ್ಲ. ತೀರ್ಪಿಲ್ಲದೆ ದಂಡನೆಯಿಲ್ಲ ಎಂಬ ಒಂದು ಮಾತನ್ನು ಶಿಷ್ಯರಿಗೆ ಹೇಳಿದನು. ಅರಸನ ಇದಿರಿನಲ್ಲಿ ಹೇಳಿದನು. ತನ್ನನ್ನು ಮೇಲೇರಿಸಿದ ಗುರುವಿನ ಇದಿರಿನಲ್ಲಿಯೂ ಅದನ್ನು ಬಿಡಲಿಲ್ಲ. ರನ್ನಿಮೀಡಿನ ಚರ್ಮಪತ್ರವು ಹತ್ತು ವಾರ ಬದುಕಿತು; ಆ ಮಾತು ಎಂಟು ಶತಮಾನಗಳನ್ನು ದಾಟಿ ಬಂದಿದೆ. ಪಾಠ ಹೇಳುವ ವೃತ್ತಿಯನ್ನು ಕೈಕೊಂಡವರೂ, ಅಂತಹ ಪಾಠಕ್ಕೆ ನೆರಳು ಕೊಡುವ ದಾನಿಗಳೂ ಈ ಮಹನೀಯನ ಚರಿತ್ರೆಯನ್ನು ಆಗಾಗ ನೆನೆಯುವುದು ಯುಕ್ತವಾಗಿದೆ.